ಕೋಟೆ ಬಾಗಿಲಿನ ಆಣೆ

ಬೆಳ್ಳಿಗುಡ್ಡದ ದೊರೆ ಮಲ್ಲರಸನಿಗೆ ಸಿಟ್ಟು ಬಂದರೆ ಒಂದು ಅಪ್ಪಣೆ ಹೊರಡುತ್ತಿತ್ತು, ಸಂತೋಷವಾದರೆ ಎರಡು. ಸಣ್ಣದೊಂದು ಯುದ್ಧ ಗೆದ್ದು ಬಂದ ದಿನ ಅವನು ಸಭೆಯಲ್ಲಿ ಮೀಸೆ ತಿರುವಿದ.

“ಈ ಗೆಲುವು ನಮ್ಮ ಮನೆದೇವರು ಭೈರವನದು. ಇನ್ನು ಮೇಲೆ ಕೋಟೆಯೊಳಗೆ ಭೈರವನಲ್ಲದೆ ಬೇರೆ ದೇವರ ಹೆಸರು ಕಿವಿಗೆ ಬೀಳಕೂಡದು. ಸೇವೆಯಲ್ಲಿರುವವರೆಲ್ಲ ಭೈರವನ ಮೇಲೆ ಹೊಸದಾಗಿ ಆಣೆ ಇಡಬೇಕು. ಇಂಥ ಒಗ್ಗಟ್ಟಿನ ರಾಜ್ಯ ಭೂಮಂಡಲದಲ್ಲಿ ಇನ್ನೊಂದಿದೆಯೇ?”

“ಆಹಾ!” ಎಂದ ಪ್ರಧಾನಿ ಸಿದ್ಧರಸ. ದೊರೆ ಕೆಮ್ಮಿದರೂ ಆಹಾ ಎನ್ನುವ ಮನುಷ್ಯ ಅವನು. “ಮನೆಯಲ್ಲಿ ಯಾರನ್ನು ಬೇಕಾದರೂ ಪೂಜಿಸಿಕೊಳ್ಳಲಿ ಪ್ರಭು. ಕೋಟೆಗೆ ಬರುವಾಗ ಚಪ್ಪಲಿಯ ಹಾಗೆ ದೇವರನ್ನೂ ಹೊರಗೆ ಬಿಟ್ಟು ಬರಲಿ.”

ಡಂಗುರವಾಯಿತು. ಮಾರನೆಯ ದಿನದಿಂದ ಕೋಟೆಯೊಳಗೆ ಜನ ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ಓಡಾಡತೊಡಗಿದರು. ಆಕಳಿಸಿ “ರಾಮಾ” ಎಂದ ಕರಣಿಕನನ್ನು ಬಿಸಿಲಿಗೆ ನಿಲ್ಲಿಸಿದರು. ಒಲೆಯ ಕೆಂಡ ತಗುಲಿ “ಎಲ್ಲಮ್ಮಾ” ಎಂದು ಕೂಗಿದ ಅಡುಗೆಯ ಮುದುಕಿಯನ್ನು ಮನೆಗೆ ಅಟ್ಟಿದರು. ಉಗ್ರಾಣದ ನೇಮಣ್ಣ ಜಿನನ ಹೆಸರು ಹೇಳದೆ ಕಣಜ ತೆರೆದವನಲ್ಲ. ಅವನು ಕಣಜವನ್ನೇ ತೆರೆಯಲಿಲ್ಲ. ಆ ದಿನ ಆನೆಗಳು ಉಪವಾಸ.

ಜನರ ಅಹವಾಲನ್ನು ದೊರೆಗೆ ಮುಟ್ಟಿಸುವ ಸಾಂತಪ್ಪ ಇದನ್ನೆಲ್ಲ ನೋಡಿ ಮೊದಲು ನಕ್ಕ. ಕೋಟೆ ಬಾಗಿಲಿಗೆ ಬಂದಾಗ ಅವನ ನಗು ನಿಂತುಹೋಯಿತು.

ಬಾಗಿಲು ಕಾಯುವ ಮೊಹಿದ್ದೀನ್ ಸಾಬರು ಮೆಟ್ಟಿಲ ಮೇಲೆ ಗಂಟುಮೂಟೆ ಇಟ್ಟುಕೊಂಡು ಕೂತಿದ್ದರು. ದೊರೆಯ ತಂದೆಯ ಕಾಲದಿಂದ ಆ ಬಾಗಿಲಿಗೆ ಬೀಗ ಹಾಕಿದ ಕೈ ಅವರದು.

“ಏನು ಸಾಬರೇ, ಪ್ರಯಾಣವೇ?”

“ಭೈರವನ ಮೇಲೆ ಆಣೆ ಇಡು ಅಂದರು. ಭೈರವ ದೊಡ್ಡವನೇ ಇರಬಹುದು ಸಾಂತಪ್ಪನವರೇ, ನಾನು ಬೇಡ ಅನ್ನುವುದಿಲ್ಲ. ಆದರೆ ನಾನು ನಂಬಿದ ದೇವರು ಬೇರೆ. ಮನಸ್ಸಿನಲ್ಲಿ ಇಲ್ಲದ್ದನ್ನು ಬಾಯಲ್ಲಿ ಹೇಳಿದರೆ ಅದು ಆಣೆಯಾಗುತ್ತದೆಯೇ? ನಾಳೆ ಸಭೆಯಲ್ಲಿ ಬೀಗದ ಕೈ ಒಪ್ಪಿಸಿ ಹೊರಡುತ್ತೇನೆ.” ಅವರು ಕಬ್ಬಿಣದ ಅಗುಳಿಯನ್ನು ಒಮ್ಮೆ ಸವರಿದರು. “ಗಡಿಯಲ್ಲಿ ಶತ್ರು ಇನ್ನೂ ಕೂತಿದ್ದಾನೆ. ಬರುವವನು ಎಚ್ಚರದಿಂದಿರಲಿ, ಅಷ್ಟೇ.”

ಸಾಂತಪ್ಪ ನೇರ ದೊರೆಯ ಬಳಿ ಹೋದ. “ಪ್ರಭು, ಬಾಗಿಲಿಗೆ ಹೊಸ ಕಾವಲುಗಾರ ಬೇಕಲ್ಲ? ತಮ್ಮ ಅಪ್ಪಣೆಗೆ ತಕ್ಕವನೊಬ್ಬನನ್ನು ನಾಳೆ ತರುತ್ತೇನೆ. ಭೈರವನ ಮೇಲೆ ಎಷ್ಟು ಆಣೆ ಬೇಕಾದರೂ ಇಡುತ್ತಾನೆ.”

“ಭಲೇ! ನಿನಗೂ ಬುದ್ಧಿ ಬಂತು,” ಎಂದ ಮಲ್ಲರಸ.

ಮರುದಿನ ಸಭೆ ತುಂಬಿತ್ತು. ಸಾಂತಪ್ಪನ ಹಿಂದೆ ಒಬ್ಬ ಗಿಡ್ಡ ಆಳು ಬಂದ. ಹಣೆಯ ತುಂಬ ವಿಭೂತಿ, ಕೊರಳ ತುಂಬ ರುದ್ರಾಕ್ಷಿ. ಅವನ ಬೆನ್ನಿಗೇ ಭಟರಿಬ್ಬರು ನಿಂತರು.

“ಹೆಸರೇನಪ್ಪ?” ಎಂದು ದೊರೆ ಕೇಳಿದ.

“ಗಿಡ್ಡೀರ, ಬುದ್ಧಿ.”

“ಕೋಟೆಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತೇನೆಂದು ಆಣೆ ಇಡುತ್ತೀಯಾ?”

“ಭೈರವನಾಣೆ! ಭೈರವನ ಪಾದದಾಣೆ! ಭೈರವನ ನಾಯಿಯಾಣೆ, ಬುದ್ಧಿ!” ಎಂದು ಗಿಡ್ಡೀರ ಕಂಬಗಳು ಅದುರುವಂತೆ ಕೂಗಿದ.

ಸಿದ್ಧರಸನಿಗೆ ಕಣ್ಣೀರೇ ಬಂತು. “ಆಹಾ, ಎಂಥ ಭಕ್ತಿ! ಈ ಮುಖದಲ್ಲಿ ಕಳೆ ನೋಡಿ ಪ್ರಭು!”

ಮೊಹಿದ್ದೀನ್ ಸಾಬರು ಮುಂದೆ ಬಂದು ಬೀಗದ ಕೈಯನ್ನು ದೊರೆಯ ಎದುರಿಗಿಟ್ಟರು. ಮಲ್ಲರಸ ಅದನ್ನೆತ್ತಿ ಗಿಡ್ಡೀರನತ್ತ ಚಾಚಿದ. ಚಾಚಿದವನಿಗೆ ಏನೋ ಹೊಳೆಯಿತು.

“ಸಾಂತಪ್ಪ, ಇವನು ಇಲ್ಲಿಯವರೆಗೆ ಎಲ್ಲಿದ್ದ?”

“ತಮ್ಮ ಸೆರೆಮನೆಯಲ್ಲೇ ಪ್ರಭು.”

“ಸೆರೆಮನೆಯಲ್ಲೇ! ಯಾವ ತಪ್ಪಿಗೆ?”

“ಭೈರವನ ಗುಡಿಗೆ ಕನ್ನ ಹಾಕಿ ದೇವರ ಬೆಳ್ಳಿ ಮುಖವಾಡ ಕದ್ದಿದ್ದ.”

ದೊರೆಯ ಕೈ ತಟ್ಟನೆ ಹಿಂದಕ್ಕೆ ಬಂತು. “ಎಲಾ ಕಳ್ಳ! ಭೈರವನ ಗುಡಿಯನ್ನೇ ದೋಚಿದವನು ಭೈರವನ ಮೇಲೇ ಆಣೆ ಇಡುತ್ತೀಯಾ? ನಾಲಿಗೆ ಹೇಗೆ ಬಂತೋ ನಿನಗೆ?”

ಗಿಡ್ಡೀರ ಕೈಮುಗಿದ. “ಸಲೀಸಾಗಿ ಬಂತು ಬುದ್ಧಿ. ನಮ್ಮೂರ ಮಾರವ್ವನ ಮೇಲೆ ಸುಳ್ಳಾಣೆ ಇಟ್ಟರೆ ಕಣ್ಣು ಹೋಗುತ್ತವೆ, ನನಗೆ ಭಯ. ಬೇರೆ ದೇವರ ಹೆಸರೆತ್ತಬೇಡಿ ಅಂತ ತಾವೇ ಡಂಗುರ ಹೊಡೆಸಿ ಆ ಕಷ್ಟ ತಪ್ಪಿಸಿದಿರಿ. ನಮ್ಮ ಕಸುಬಿನವರೆಲ್ಲ ತಮ್ಮನ್ನು ಹರಸುತ್ತಿದ್ದೇವೆ.”

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ದೊರೆಯ ಮುಖ ಕೆಂಪಾಯಿತು.

ಸಾಂತಪ್ಪ ಮೆಲ್ಲಗೆ ಹೇಳಿದ. “ಪ್ರಭು, ತಮಗೆ ಪಟ್ಟವಾದ ದಿನ ಸಾಬರು ಅಲ್ಲಾನ ಮೇಲೆ, ನೇಮಣ್ಣ ಜಿನನ ಮೇಲೆ, ಒಬ್ಬೊಬ್ಬರೂ ತಮ್ಮ ತಮ್ಮ ದೇವರ ಮೇಲೆ ಆಣೆ ಇಟ್ಟು ದೊರೆಯನ್ನು ಕಾಯುತ್ತೇವೆಂದರು. ಆ ದೇವರುಗಳನ್ನು ಹೊರಗೆ ಬಿಟ್ಟು ಬನ್ನಿ ಎಂದರೆ ಆಣೆಗಳೂ ಅವರ ಜೊತೆ ಹೊರಗೇ ಕೂರುತ್ತವೆ. ಒಳಗೆ ಉಳಿಯುವವನು ಈ ಗಿಡ್ಡೀರ. ಒಬ್ಬರು ತಮ್ಮದಲ್ಲದ ಆಣೆ ಇಡಲಾರದೆ ಅನ್ನ ಬಿಟ್ಟು ಹೊರಟಿದ್ದಾರೆ. ಇನ್ನೊಬ್ಬ ಯಾರ ಆಣೆಯನ್ನಾದರೂ ಇಡುತ್ತಾನೆ. ಬೀಗದ ಕೈ ತಮ್ಮ ಕೈಯಲ್ಲಿದೆ.”

 ಮಲ್ಲರಸ ಗದ್ದುಗೆಯಿಂದಿಳಿದು ಹೋಗಿ ಬೀಗದ ಕೈಯನ್ನು ಸಾಬರ ಕೈಗಿಟ್ಟ. “ತಪ್ಪಾಯಿತು ಸಾಬರೇ. ನಮ್ಮಪ್ಪನ ಕಾಲದಲ್ಲಿ ಹೇಗೆ ಕಾದಿರೋ ಹಾಗೇ ಕಾಯಿರಿ. ಡಂಗುರದವನನ್ನು ಕರೆಯಿರಿ. ಇನ್ನು ಮೇಲೆ ಯಾರೇ ಆಗಲಿ, ತಾವು ಯಾರಿಗೆ ಹೆದರುತ್ತಾರೋ ಅವರ ಮೇಲೇ ಆಣೆ ಇಡತಕ್ಕದ್ದು!”

 ಸಾಬರು ಬಾಗಿ ಸಲಾಮು ಮಾಡಿ ಬಾಗಿಲ ಕಡೆ ನಡೆದರು. ಗಿಡ್ಡೀರನನ್ನು ಭಟರು ಬಂದ ದಾರಿಯಲ್ಲೇ ಕರೆದೊಯ್ದರು.

“ಆಹಾ, ಎಂಥ ಅಪ್ಪಣೆ!” ಎಂದು ಸಿದ್ಧರಸ ಎಲ್ಲರಿಗಿಂತ ಮೊದಲು ಎದ್ದ. “ಹಾಗಾದರೆ ನಾನೇ ಮೊದಲು ಆಣೆ ಇಡುತ್ತೇನೆ. ಯಾವ ದೇವರ ಮೇಲೆ ಇಡಲಿ ಪ್ರಭು?”

ದೊರೆ ಸಾಂತಪ್ಪನ ಕಡೆ ನೋಡಿದ.

“ಪ್ರಧಾನಿಗಳಿಗೆ ದೇವರ ಗೊಡವೆ ಏಕೆ?” ಎಂದ ಸಾಂತಪ್ಪ. “ಅವರು ಹೆದರುವುದು ತಮಗೊಬ್ಬರಿಗೇ. ತಮ್ಮ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಲಿ. ಆದರೆ ಪ್ರಭು, ಆಗ ಕಿರೀಟವನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಿರಿ!”

ಮಲ್ಲರಸ ಹೊಟ್ಟೆ ಹಿಡಿದು ನಕ್ಕ.