ಸೀಬೆಹಣ್ಣಿನ ಚರಟ

ಶಿಷ್ಯೆಯೊಬ್ಬಳು ಕೇಳಿದಳು: "ಗುರುಗಳೇ, ಮನೆಗೆ ಬಂದವರೆಲ್ಲ ನನ್ನನ್ನು ಮೆಚ್ಚುತ್ತಾರೆ. ಆದರೆ ಯಾರೂ ಹೆಚ್ಚು ಹೊತ್ತು ಕೂರುವುದಿಲ್ಲ. ನನ್ನಲ್ಲಿ ಏನು ಕೊರತೆ?"

ಗುರು ಹೇಳಿದರು:

ಒಂದು ಊರಿನಲ್ಲಿ ಒಬ್ಬ ಹೆಂಗಸು ಒಂಟಿಯಾಗಿ ಇದ್ದಳು. ಸೀಬೆಹಣ್ಣಿನ ಜೆಲ್ಲಿ ಮಾಡುವುದರಲ್ಲಿ ಅವಳಿಗೆ ಸಮನಾದವರಿರಲಿಲ್ಲ. ಹಣ್ಣನ್ನು ಬೇಯಿಸಿ ತೆಳುಬಟ್ಟೆಯಲ್ಲಿ ಕಟ್ಟಿ ತೂಗುಹಾಕುವಳು. ರಸ ತಾನಾಗಿಯೇ ತೊಟ್ಟಿಕ್ಕಬೇಕು. ಹಿಂಡಿದರೆ ಜೆಲ್ಲಿ ಮಬ್ಬಾಗುತ್ತದೆ. ಆ ರಸಕ್ಕೆ ಸಕ್ಕರೆ, ನಿಂಬೆರಸ ಸೇರಿಸಿ ಕುದಿಸಿ ಶೀಶೆಗೆ ತುಂಬುವಳು. ಬಂದವರಿಗೆ ಬ್ರೆಡ್ಡಿಗೆ ಹಚ್ಚಿ ಕೊಡುವಳು, ಮಕ್ಕಳಿದ್ದರೆ ದೋಸೆಗೆ ಸವರಿ ಕೊಡುವಳು. ಅವರು ತಿಂದು, ಹೊಗಳಿ, ಕೈತೊಳೆದು ಹೊರಡುವರು.

ಬಟ್ಟೆಯಲ್ಲಿ ಉಳಿದ ಚರಟವನ್ನು ಅವಳು ಎಸೆಯುತ್ತಿರಲಿಲ್ಲ. ಹಣ್ಣಿನ ನಾರೆಲ್ಲ ಅದರಲ್ಲೇ ಇರುತ್ತದೆಂದು ಅವಳಿಗೆ ತಿಳಿದಿತ್ತು. ಅದಕ್ಕೆ ಉಪ್ಪು, ಹಸಿಮೆಣಸಿನಕಾಯಿ ಹಾಕಿ, ಒಗ್ಗರಣೆ ಕೊಟ್ಟು ಗೊಜ್ಜು ಮಾಡುವಳು. ಬಂದವರೆಲ್ಲ ಹೋದ ಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ಕೂತು ರೊಟ್ಟಿಗೆ ನೆಂಚಿಕೊಂಡು ತಿನ್ನುವಳು.

ಒಂದು ದಿನ ಪಕ್ಕದ ಮನೆಯಾಕೆ ಬಂದಳು. ಜೆಲ್ಲಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಬೇಡ ಕಣೇ, ನನಗೆ ಸಕ್ಕರೆ ಕಾಯಿಲೆ. ಒಳಗೆ ಏನೋ ಘಮ್ ಅಂತಿದೆಯಲ್ಲ, ಅದನ್ನೇ ತಗೊಂಡು ಬಾ. ಇಬ್ಬರೂ ಕೂತು ತಿನ್ನೋಣ."

"ಅಯ್ಯೋ ಅಕ್ಕ, ಅದು ಬರೀ ಚರಟ. ಬಂದವರಿಗೆ ಕೊಡುವಂಥದ್ದಲ್ಲ."

"ಹನ್ನೆರಡು ವರ್ಷದಿಂದ ಗೋಡೆಗೆ ಗೋಡೆ ತಾಗಿಕೊಂಡಿದ್ದೇವೆ. ಇನ್ನೂ ನಾನು ನಿನ್ನ ಮನೆಗೆ 'ಬಂದವಳೇ' ಏನೇ?"

ನೆರೆಯಾಕೆ ನಗುತ್ತಲೇ ಕೇಳಿದಳು. ಸ್ವಲ್ಪ ಹೊತ್ತು ಕಾದಳು. ಗೊಜ್ಜು ಬರಲಿಲ್ಲ. ಎದ್ದು ಹೋದಳು. ಮರುದಿನ ಬರಲಿಲ್ಲ, ಮರುವಾರವೂ ಬರಲಿಲ್ಲ.

ಹೆಂಗಸಿಗೆ ಸಂಕಟವಾಯಿತು. ತನ್ನ ಬಳಿ ಕೂತು ತಿನ್ನುತ್ತೇನೆ ಎಂದವಳು ಆಕೆ ಒಬ್ಬಳೇ. ಹೇಗಾದರೂ ಅವಳನ್ನು ಒಲಿಸಿಕೊಳ್ಳಬೇಕೆಂದು ಒಳ್ಳೆಯ ಹಣ್ಣು ಆರಿಸಿ, ಎಂದಿಗಿಂತಲೂ ತಿಳಿಯಾದ ಜೆಲ್ಲಿ ಮಾಡಿದಳು. ಶೀಶೆಯ ಮೇಲೆ ತಾರೀಖು ಬರೆದು ಪಕ್ಕದ ಮನೆಗೆ ಹೋದಳು.

ನೆರೆಯಾಕೆ ಶೀಶೆಯನ್ನು ಬೆಳಕಿಗೆ ಹಿಡಿದು ನೋಡಿದಳು. "ತುಂಬಾ ಚೆನ್ನಾಗಿದೆಯಮ್ಮ," ಎಂದಳು. ಬಾಗಿಲು ಹಾಕಿಕೊಂಡಳು.

ಗುರು ಕತೆಯನ್ನು ಅಲ್ಲಿಗೇ ಮುಗಿಸಿದರು. ಶಿಷ್ಯೆ ಕೇಳಿದಳು: "ಅಂದು ಆ ಗೊಜ್ಜನ್ನೇ ಕೊಟ್ಟಿದ್ದರೆ, ನೆರೆಯಾಕೆ ಮೆಚ್ಚುತ್ತಿದ್ದಳೇ?"

ಗುರು ಹೇಳಿದರು: "ತಾಯಿ, ನೀನು ಈಗಲೂ ಮೆಚ್ಚುಗೆಯನ್ನೇ ಕೇಳುತ್ತಿದ್ದೀಯೆ."