ತೂತಿನ ಬಾನಿಯೂ ಆಮೆಯ ಬೆನ್ನಿನ ನಕ್ಷತ್ರಗಳೂ

ಆಮೆಗೆ ಹಲ್ಲಿಲ್ಲ.

ನೆಲದ ಆಮೆ ಈಜುವುದಿಲ್ಲ. ಆಳದ ನೀರಿಗೆ ಬಿಟ್ಟರೆ ಮುಳುಗುತ್ತದೆ.

ಅದರ ಚಿಪ್ಪು ಬೆನ್ನೆಲುಬೂ ಪಕ್ಕೆಲುಬೂ ಕೂಡಿ ಆದ ಜೀವಂತ ಮೂಳೆ. ಮುಟ್ಟಿದರೆ ಆಮೆಗೆ ತಿಳಿಯುತ್ತದೆ.

ಮರಿಯ ಚಿಪ್ಪು ಗಟ್ಟಿಯಾಗಲು ನೇರ ಬಿಸಿಲು ಬೇಕು. ಕಿಟಕಿಯ ಗಾಜನ್ನು ದಾಟಿ ಬಂದ ಬಿಸಿಲಿನಲ್ಲಿ ಬೆಳಕಿದೆ, ಶಾಖವಿದೆ; ಮೂಳೆಯನ್ನು ಗಟ್ಟಿ ಮಾಡುವ ಗುಣವಿಲ್ಲ.

ಹಾಲು, ಅನ್ನ, ಬಿಸ್ಕತ್ತು ಅದರ ಆಹಾರವಲ್ಲ.

ನಕ್ಷತ್ರ ಆಮೆಯನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿಟ್ಟುಕೊಳ್ಳುವುದು ನಮ್ಮ ದೇಶದಲ್ಲಿ ಅಪರಾಧ.

ಮನೆಯೊಳಗೆ ಸಾಯುವ ಆಮೆಮರಿ ಸದ್ದು ಮಾಡದೆ ಸಾಯುತ್ತದೆ. ಸಾಕಿದವರು ಅದು ನಿದ್ದೆ ಮಾಡುತ್ತಿದೆ ಎಂದುಕೊಳ್ಳುತ್ತಾರೆ.

ಸಂಗತಿಗಳು ಇಷ್ಟು. ಆದರೆ ಆ ಆಮೆಯ ಬೆನ್ನಿನ ಮೇಲೆ ನಕ್ಷತ್ರಗಳೇಕೆ ಎಂದು ಮಗುವೊಂದು ಕೇಳಿದರೆ ಸಂಗತಿಗಳು ಸಾಲುವುದಿಲ್ಲ. ಅದಕ್ಕೆ ಈ ಕಥೆ.

ಲೋಕ ಹೊಸದಾಗಿದ್ದಾಗ ಎಲ್ಲವೂ ಹಸಿಯಾಗಿತ್ತು. ಬೆಟ್ಟಗಳು ಹಸಿಯಾಗಿದ್ದವು, ಹತ್ತಿದವರ ಹೆಜ್ಜೆ ಮೂಡುತ್ತಿತ್ತು. ಬಂಡೆಗಳು ಹಸಿಯಾಗಿದ್ದವು, ಗಾಳಿ ಒರಗಿದರೆ ಗಾಳಿಯ ಬೆನ್ನಿನ ಗುರುತು ಉಳಿಯುತ್ತಿತ್ತು. ನೆಲಕ್ಕೆ ಮಾತು ಬರುತ್ತಿತ್ತು, ಗಾಳಿಗೆ ಮಾತು ಬರುತ್ತಿತ್ತು, ಸೂರ್ಯ ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ. ಆಗ ಆಮೆಯ ಬೆನ್ನಿನ ಮೇಲೆ ಒಂದು ಗೆರೆಯೂ ಇರಲಿಲ್ಲ. ಅದು ಬರಿಯ ಮಣ್ಣಿನ ಬಣ್ಣದ್ದಾಗಿತ್ತು.

ಕುರುಚಲು ಕಾಡಿನ ಅಂಚಿನಲ್ಲಿ ಒಂದು ಕುಂಬಾರರ ಮನೆ. ಮನೆಯಲ್ಲಿ ಇಬ್ಬರು: ಅತ್ತೆ ಮಾಳವ್ವ, ಸೊಸೆ ಕೆಂಚವ್ವ. ಸೊಸೆ ಮಣ್ಣು ತಂದು, ಹದ ಮಾಡಿ, ತಿಗರಿಯ ಮೇಲೆ ತಿರುಗಿಸಿ ಮಡಕೆ ಮಾಡುತ್ತಿದ್ದಳು. ಅತ್ತೆ ಅವನ್ನು ಒಣಗಿಸಿ ಸುಡುತ್ತಿದ್ದಳು.

ಒಣಗಿಸುವುದು ಸಣ್ಣ ಕೆಲಸವಲ್ಲ. ಹಸಿ ಮಡಕೆಯನ್ನು ನೇರ ಬಿಸಿಲಿಗಿಟ್ಟರೆ ಬಿರಿಯುತ್ತದೆ. ಕಿಟಕಿಯಿಲ್ಲದ ಕೋಣೆಯಲ್ಲಿಟ್ಟು, ಒದ್ದೆ ಬಟ್ಟೆ ಹೊದಿಸಿ, ನೆರಳಿನಲ್ಲಿ ನಿಧಾನವಾಗಿ ಒಣಗಿಸಬೇಕು. ಬೆಂಕಿ ಆಮೇಲೆ. ಮಾಳವ್ವ ಪ್ರತಿಯೊಂದು ಮಡಕೆಯನ್ನೂ ಬೆರಳಿನಿಂದ ಒತ್ತಿ ನೋಡುತ್ತಿದ್ದಳು. ಗುರುತು ಬಿದ್ದರೆ, “ಇನ್ನೂ ಹಸಿ. ಇನ್ನಷ್ಟು ನೆರಳು” ಎನ್ನುತ್ತಿದ್ದಳು. ಸುಟ್ಟ ಮೇಲೆ ಬೆರಳ ಗೆಣ್ಣಿನಿಂದ ಬಡಿಯುತ್ತಿದ್ದಳು. ಟಣ್ ಎಂದರೆ ಮಾತ್ರ ಮಡಕೆ ಹೊಸ್ತಿಲು ದಾಟುತ್ತಿತ್ತು. ಆಕೆಯ ಕೋಣೆಯಲ್ಲಿ ಮಡಕೆ ಬಿರಿದದ್ದನ್ನು ಯಾರೂ ಕಂಡಿರಲಿಲ್ಲ.

ಮಳೆ ಹಿಂದೆ ಸರಿದ ಒಂದು ಬೆಳಿಗ್ಗೆ ಕೆಂಚವ್ವ ಕಾಡಿನಂಚಿನಲ್ಲಿ ಮಣ್ಣು ಅಗೆಯುತ್ತಿದ್ದಳು. ಗುದ್ದಲಿಯ ಬಾಯಿಗೆ ಏನೋ ಮೆತ್ತಗೆ ತಾಗಿತು. ಬಗ್ಗಿ ನೋಡಿದರೆ ಆಮೆಯ ಮೊಟ್ಟೆಗಳು. ಎಲ್ಲವೂ ಒಡೆದಿದ್ದವು. ಒಂದರಿಂದ ಮಾತ್ರ, ನೆಲ್ಲಿಕಾಯಿಯ ಗಾತ್ರದ ಮರಿಯೊಂದು, ಮೂಗಿನ ಮೇಲೆ ಮಣ್ಣು ಹೊತ್ತು ಹೊರಗೆ ಬಂತು.

“ನಿಲ್ಲಿಸು” ಎಂದಿತು ನೆಲ.

ಕೆಂಚವ್ವ ಗುದ್ದಲಿ ಇಳಿಸಿದಳು. “ತಿಳೀಲಿಲ್ಲ ತಾಯಿ. ತಪ್ಪಾಯ್ತು.”

“ಆಮೆಯ ಕುಲದಲ್ಲಿ ತಾಯಿ ಮೊಟ್ಟೆಯಿಟ್ಟು ಹೊರಟುಹೋಗುತ್ತಾಳೆ. ಮರಿಯನ್ನು ಸಾಕುವವಳು ನಾನು. ಗೂಡನ್ನು ನೀನು ಒಡೆದೆ. ಉಳಿದ ಒಂದನ್ನು ನೀನೇ ಸಾಕು. ಅದು ಗಟ್ಟಿಯಾದ ದಿನ ನನಗೆ ತಂದೊಪ್ಪಿಸು. ನಿನ್ನ ಕೈಯಲ್ಲಿ ಅದು ಸತ್ತರೆ, ಇನ್ನು ಮುಂದೆ ನನ್ನ ಮಣ್ಣು ನಿನ್ನ ತಿಗರಿಯ ಮೇಲೆ ನಿಲ್ಲುವುದಿಲ್ಲ.”

ಕೆಂಚವ್ವ ಮರಿಯನ್ನು ಸೆರಗಿನಲ್ಲಿಟ್ಟುಕೊಂಡು ಮನೆಗೆ ಬಂದಳು.

“ಮಣ್ಣು ತಾರೇ ಅಂದ್ರೆ ಮಗು ತಂದವ್ಳೆ!” ಎಂದಳು ಮಾಳವ್ವ. ಆದರೆ ಸೊಸೆಯಿಂದ ನೆಲದ ಮಾತು ಕೇಳಿದ ಮೇಲೆ ನಗಲಿಲ್ಲ. ಮರಿಯನ್ನು ಅಂಗೈಯಲ್ಲಿಟ್ಟು ಬೆರಳಿನಿಂದ ಮೆಲ್ಲಗೆ ಒತ್ತಿದಳು. ಚಿಪ್ಪು ತಗ್ಗಿತು.

“ಇನ್ನೂ ಹಸಿ” ಎಂದಳು. “ನನ್ನ ಕೋಣೇಲಿಡು. ನೆರಳಾಗೆ ಒಣಗಲಿ. ಬಿಸಿಲಿಗಿಟ್ರೆ ಬಿರಿದೋಯ್ತದೆ ನೋಡು.”

ಕುಂಬಾರರ ಕೈಗೆ ಬಂದದ್ದು ಮಡಕೆಯಾಗಿಯೇ ಕಂಡಿತು. ಕಿಟಕಿಯಿಲ್ಲದ ಕೋಣೆಯಲ್ಲಿ, ನೀರು ತುಂಬಿಡಲು ಮಾಡಿದ ದೊಡ್ಡ ಬಾನಿಗಳ ನಡುವೆ ಮರಿಗೆ ಜಾಗವಾಯಿತು. ಮೇಲೆ ಒದ್ದೆ ಬಟ್ಟೆ ಬಂತು. ಪ್ರೀತಿಗೇನೂ ಕಡಿಮೆಯಿರಲಿಲ್ಲ: ರಾಗಿಮುದ್ದೆಯನ್ನು ಹಾಲಿನಲ್ಲಿ ಕಿವುಚಿ, ಬೆರಳ ತುದಿಯಲ್ಲಿ ತಿನ್ನಿಸಿದರು.

ಮರಿ ಗಟ್ಟಿಯಾಗಲಿಲ್ಲ.

ಮಾಳವ್ವ ಒತ್ತಿ ನೋಡಿದಳು. “ಇನ್ನೂ ಹಸಿ. ಇನ್ನಷ್ಟು ನೆರಳು.” ಬಾಗಿಲ ಸಂದಿಗೆ ಬಟ್ಟೆ ತುರುಕಿದಳು.

ಮರಿಯ ಕಣ್ಣು ಊದಿ ಮುಚ್ಚಿಕೊಂಡಿತು. ಮಾಳವ್ವ ಒತ್ತಿ ನೋಡಿದಳು. “ಇನ್ನೂ ಹಸಿ. ಇನ್ನಷ್ಟು ನೆರಳು.” ಬಟ್ಟೆಯನ್ನು ಮತ್ತೊಮ್ಮೆ ಅದ್ದಿ ಹೊದಿಸಿದಳು.

ಮರಿ ಹಿಂಗಾಲನ್ನು ನೆಲದ ಮೇಲೆ ಎಳೆಯತೊಡಗಿತು. ಮುದ್ದೆಯನ್ನು ಮುಟ್ಟಲಿಲ್ಲ. ಅದೇ ದಿನ ಕೆಂಚವ್ವನ ತಿಗರಿಯ ಮೇಲೆ ಮಣ್ಣು ಓಲಾಡಿತು. ಅರ್ಧ ಎದ್ದ ಮಡಕೆ ಮಗ್ಗುಲಿಗೆ ಮಲಗಿತು.

ಕೆಂಚವ್ವ ಅಳಲಿಲ್ಲ. ಕೈ ತೊಳೆದುಕೊಂಡು ಕೋಣೆಗೆ ಹೋಗಿ, ಬಾಗಿಲ ಸಂದಿಯ ಬಟ್ಟೆಯನ್ನು ಕಿತ್ತು ಹಾಕಿದಳು. ಗಾಳಿ ಒಳಗೆ ನುಗ್ಗಿ ಸೀನಿತು.

“ಏನಿದು ಮುಗ್ಗಲು ವಾಸನೆ! ಇಲ್ಲಿ ಯಾರನ್ನು ಹೂತಿದ್ದೀರಿ?”

“ಯಾರನ್ನೂ ಹೂತಿಲ್ಲ. ಸಾಕ್ತಾ ಇದ್ದೀವಿ.”

ಗಾಳಿ ಮರಿಯ ಸುತ್ತ ಒಂದು ಸುತ್ತು ಬಂತು. “ಸಾಕುವುದು ಹೀಗೆಯೋ?”

“ನೀನು ಕಾಡೆಲ್ಲ ತಿರುಗೋನು. ಬೇರೆ ಆಮೆ ಹೆಂಗೆ ಬದುಕ್ತವೆ ಅಂತ ಹೇಳು. ಆಡಿಕೊಳ್ಳೋದು ಆಮೇಲೆ.”

“ಕಂಡದ್ದನ್ನು ಹೇಳುತ್ತೇನೆ” ಎಂದಿತು ಗಾಳಿ. “ಒದ್ದೆ ಬಟ್ಟೆ ಹೊದ್ದ ಆಮೆಯನ್ನು ನಾನು ಕಂಡಿಲ್ಲ. ಮುದ್ದೆ ತಿನ್ನುವ ಆಮೆಯನ್ನೂ ಕಂಡಿಲ್ಲ. ಅವು ಗರಿಕೆ ತಿನ್ನುತ್ತವೆ, ಎಲೆ ತಿನ್ನುತ್ತವೆ, ಬಿದ್ದ ಹೂವು ತಿನ್ನುತ್ತವೆ. ಬಸವನಹುಳುವಿನ ಖಾಲಿ ಚಿಪ್ಪನ್ನೂ ಬಿಳಿಚಿದ ಮೂಳೆಯನ್ನೂ ಕಡಿಯುತ್ತವೆ. ಕತ್ತು ಮುಳುಗದಷ್ಟು ನೀರಿನಲ್ಲಿ ನಿಂತು ಕುಡಿಯುತ್ತವೆ. ಬೆಳಿಗ್ಗೆ ಪೊದೆಯಿಂದ ಹೊರಬಂದು ಬಿಸಿಲು ಕಾಯುತ್ತವೆ. ಬಿಸಿಲನ್ನು ಏನು ಮಾಡುತ್ತವೆಯೋ, ಅದನ್ನು ಸೂರ್ಯನನ್ನೇ ಕೇಳು.”

ಬಿಸಿಲು ಎಂದ ಕೂಡಲೇ ಕೆಂಚವ್ವ ತಡಮಾಡಲಿಲ್ಲ. ಮರಿಯನ್ನೆತ್ತಿಕೊಂಡು ಹೊರಗೋಡಿ, ನಡುಮಧ್ಯಾಹ್ನದ ಬರಿಬಂಡೆಯ ಮೇಲಿಟ್ಟಳು. ಸ್ವಲ್ಪ ಹೊತ್ತಿನಲ್ಲೇ ಮರಿ ಬಾಯಿ ತೆರೆಯಿತು. ಬಾಯಂಚಿನಲ್ಲಿ ನೊರೆ ಬಂತು. ನೆರಳನ್ನು ಹುಡುಕಿ ಕಾಲಾಡಿಸಿತು. ಬಂಡೆಯ ಮೇಲೆ ನೆರಳೆಂಬುದು ಇರಲಿಲ್ಲ.

ಮಾಳವ್ವ ಓಡಿ ಬಂದು ಮರಿಯನ್ನು ಬಾಚಿಕೊಂಡಳು. “ಕೊಲ್ಲೋಕೆ ತಂದ್ಯೇನೇ ಇದನ್ನ? ಬಿಸಿಲಿಗೆ ಬಿರಿಯುತ್ತೆ ಅಂತ ಬಡ್ಕೊಂಡ್ನಲ್ಲ!”

“ನೆರಳಾಗೂ ಸಾಯ್ತಾ ಐತಲ್ಲ ಅತ್ತೆ!”

ಮಾಳವ್ವ ಮರಿಯನ್ನು ಒಳಗೆ ಕೊಂಡೊಯ್ದಳು. ಕೆಂಚವ್ವ ಬಂಡೆಯ ಮೇಲೆ ನಿಂತು ತಲೆಯೆತ್ತಿದಳು.

“ಸೂರ್ಯದೇವ, ಕತ್ತಲಾಗಿಟ್ರೆ ಕೊಳೀತದೆ. ನಿನ್ನ ಮುಂದಿಟ್ರೆ ಬೇಯ್ತದೆ. ಎಷ್ಟು ಬಿಸಿಲು ಕೊಡಬೇಕು ಅಂತ ಹೇಳಿಬಿಡು. ನಾನು ಅಷ್ಟೇ ಅಳೆದು ಕೊಡ್ತೀನಿ.”

“ನಾನು ಕೊಡಬಲ್ಲೆ, ಅಳೆಯಲಾರೆ” ಎಂದ ಸೂರ್ಯ. “ನೀನೂ ಅಳೆಯಲಾರೆ. ಮಡಕೆಗೆ ಕಾಲಿಲ್ಲ, ಅದಕ್ಕೆ ಎಷ್ಟು ಬೇಕೆಂದು ಕುಂಬಾರರು ತೀರ್ಮಾನಿಸುತ್ತೀರಿ. ಈ ಮರಿಗೆ ಕಾಲಿದೆ. ಒಂದು ಕಡೆ ಬಿಸಿಲನ್ನಿಡು, ಒಂದು ಕಡೆ ನೆರಳನ್ನಿಡು. ಅಳತೆಯನ್ನು ಅದರ ಕಾಲಿಗೆ ಬಿಡು.”

“ಅದು ಏಳೋಕೂ ಆಗದಷ್ಟು ಸೋತೈತೆ. ಹೊರಗೆ ಬಿಟ್ರೆ ಹದ್ದು ಎತ್ಕೊಂಡು ಹೋಗ್ತದೆ.”

“ಹಾಗಾದರೆ ನಾನು ಒಳಗೆ ಬರುತ್ತೇನೆ. ದಾರಿ ಮಾಡುವುದು ನಿನ್ನ ಕೆಲಸ.”

ಕೆಂಚವ್ವ ದಾರಿ ಮಾಡಿದಳು. ಏಣಿ ಹಾಕಿ, ಒಣಗಿಸುವ ಕೋಣೆಯ ಮಾಡಿನ ಹುಲ್ಲನ್ನು ಮೂಡಣ ದಿಕ್ಕಿನಲ್ಲಿ ಕಿತ್ತಳು. ಕೋಣೆ ಹುಟ್ಟಿದಂದಿನಿಂದ ಬಿಸಿಲು ಕಾಣದ ನೆಲದ ಮೇಲೆ ಚಾಪೆಯಷ್ಟಗಲ ಬೆಳಕು ಬಿತ್ತು. ಅತ್ತೆಯ ಹಸಿ ಮಡಕೆಗಳನ್ನೆಲ್ಲ ಒಂದೊಂದಾಗಿ ಹೊತ್ತು ಅಡುಗೆಮನೆಯ ಕತ್ತಲಿಗೆ ಸಾಗಿಸಿದಳು. ಒಂದನ್ನು ಬಿಟ್ಟು.

ಅದು ದೊಡ್ಡ ಬಾನಿ. ಮಾಳವ್ವ ತಾನೇ ಹಲಗೆಯಿಂದ ಬಡಿದು ಬಡಿದು ಹದಕ್ಕೆ ತಂದದ್ದು, ಅರ್ಧ ಒಣಗಿದ್ದು. ಕೆಂಚವ್ವ ಅದನ್ನು ಬೋರಲು ಹಾಕಿ, ಬಿದಿರುಕಡ್ಡಿಯಿಂದ ಮೈತುಂಬ ತೂತು ಕೊರೆದಳು. ಅಂಚಿನಲ್ಲಿ ಮರಿ ನುಸುಳುವಷ್ಟು ಬಾಗಿಲು ಕತ್ತರಿಸಿದಳು.

ಬಾಗಿಲಲ್ಲಿ ಮಾಳವ್ವ ನಿಂತಿದ್ದಳು. ಮೊದಲು ಮಾಡನ್ನು ನೋಡಿದಳು. ಆಮೇಲೆ ಬಾನಿಯನ್ನು.

“ತೂತು ಮಡಕೆ ಮಾಡೋ ಸೊಸೇನ ತಂದ್ಕೊಂಡ್ನಲ್ಲಪ್ಪಾ! ನೀರು ನಿಲ್ಲದ ಬಾನಿ ಯಾವ ಮನೆಗೆ ಬೇಕೇ?”

“ನೀರಿಗಲ್ಲ ಅತ್ತೆ. ಬಿಸಿಲು ಸೋಸೋಕೆ.”

“ಹಸಿ ಬಾನಿ ಬಿಸಿಲಾಗೆ ಬಿರಿಯುತ್ತೆ. ಬರೆದಿಟ್ಕೋ.”

“ಬಿರೀಲಿ. ಬಾನಿ ಇನ್ನೊಂದು ಮಾಡ್ತೀನಿ. ಮರಿ ಮಾಡೋಕೆ ನನಗೆ ಬರಲ್ಲ.”

ಮಾಳವ್ವ ಸೆರಗು ಕೊಡವಿಕೊಂಡು ಅಡುಗೆಮನೆಗೆ ಹೋದಳು. ಅಲ್ಲಿ ಪಾತ್ರೆಗಳು ಬಹಳ ಹೊತ್ತು ಸದ್ದು ಮಾಡಿದವು.

ಬೆಳಕಿನ ಚಾಪೆಯ ಮೇಲೆ ಬಾನಿ ಕುಳಿತಿತು. ಎದುರಿನ ಮೂಲೆಯಲ್ಲಿ ಒಣಗಿದೆಲೆಯ ಹಾಸು, ಪೂರ್ತಿ ನೆರಳು. ನಡುವೆ ತಟ್ಟೆಯಲ್ಲಿ ಕತ್ತು ಮುಳುಗದಷ್ಟು ನೀರು. ಪಕ್ಕದಲ್ಲಿ ಗರಿಕೆ, ಎಲೆ, ಬಸವನಹುಳುವಿನ ಖಾಲಿ ಚಿಪ್ಪು. ಮುದ್ದೆ ಹಾಲು ನಿಂತವು. ಒದ್ದೆ ಬಟ್ಟೆ ನಿಂತಿತು.

ಕೆಂಚವ್ವ ಮರಿಯನ್ನು ನಡುವೆ ಇಟ್ಟು ಕೈ ಹಿಂತೆಗೆದಳು.

“ಎಲ್ಲಿಗೆ ಹೋಗ್ತೀಯೋ ಹೋಗು ಮರಿ. ಇನ್ನು ನಾನು ಹೇಳಲ್ಲ.”

“ನನ್ನ ಕಾಲು ಸಣ್ಣವು” ಎಂದಿತು ಮರಿ. ಅದು ಆಡಿದ ಮೊದಲ ಮಾತು. “ಆದರೆ ನನ್ನವು.”

ಮೊದಲ ಬೆಳಿಗ್ಗೆ ಅದು ಹೆಚ್ಚು ನಡೆಯಲಿಲ್ಲ. ಕಾಲೆಳೆಯುತ್ತ ಬಾನಿಯೊಳಗೆ ನುಸುಳಿ, ತೂತುಗಳಿಂದ ಇಳಿದ ಬೆಳಕಿನಲ್ಲಿ ಬೆನ್ನೊಡ್ಡಿ ಕುಳಿತಿತು. ಬೆಚ್ಚಗಾದಾಗ ನೆರಳಿಗೆ ನಡೆಯಿತು. ತಣ್ಣಗಾದಾಗ ಬಿಸಿಲಿಗೆ ನಡೆಯಿತು. ಬಿಸಿಲಿಗೆ, ನೆರಳಿಗೆ. ಮರುದಿನವೂ ಹಾಗೆಯೇ: ಬಿಸಿಲಿಗೆ, ನೆರಳಿಗೆ. ಊದಿದ ಕಣ್ಣು ಇಳಿದು ಒಂದು ಬೆಳಿಗ್ಗೆ ತೆರೆಯಿತು. ತೆರೆದ ಕಣ್ಣಿಗೆ ಗರಿಕೆ ಕಂಡಿತು. ಹಲ್ಲಿಲ್ಲದ ಬಾಯಿ ಗರಿಕೆಯನ್ನು ಕಚಕ್ಕೆಂದು ಕತ್ತರಿಸಿತು.

ಚಿಪ್ಪನ್ನು ಒತ್ತಿ ನೋಡಲು ಕೆಂಚವ್ವನ ಬೆರಳು ತುಡಿಯುತ್ತಿತ್ತು. ಅವಳು ಒತ್ತಲಿಲ್ಲ. ದಿನವೂ ನೀರು ಬದಲಿಸಿದಳು, ಹಿಕ್ಕೆ ಬಳಿದಳು, ಹೊಸ ಎಲೆ ತಂದಳು. ಮೋಡ ಕವಿದ ದಿನ ಮಾಡಿನ ಕೆಳಗೆ ನಿಂತು, “ಇವತ್ತೂ ಬಾರಪ್ಪ” ಎಂದು ಸೂರ್ಯನನ್ನು ಕೂಗಿ ಕರೆದಳು. ಬೇಸರವಾದ ದಿನವೂ ಇದೆಲ್ಲ ಮಾಡಿದಳು.

ಹೀಗಿರುವಾಗ ಒಂದು ಬೆಳಿಗ್ಗೆ ಕೋಣೆಯಿಂದ ಫಟ್ ಎಂಬ ಸದ್ದು ಬಂತು.

“ನಾನು ಹೇಳ್ಲಿಲ್ವಾ!” ಎನ್ನುತ್ತ ಮಾಳವ್ವ ಓಡಿದಳು. “ಬಿರೀತು! ಬಿರೀತು!”

ಬಾನಿ ನಿಜಕ್ಕೂ ಬಿರಿದು ಚೂರಾಗಿತ್ತು. ಮಡಕೆಯ ವಿಷಯದಲ್ಲಿ ಮಾಳವ್ವನ ಮಾತು ಎಂದೂ ತಪ್ಪಾದದ್ದಿಲ್ಲ. ಅವಳು ಚೂರುಗಳನ್ನು ಎತ್ತಿ ಎತ್ತಿ ಬದಿಗಿಟ್ಟಳು. ಕೊನೆಯ ಚೂರಿನ ಕೆಳಗೆ ಮರಿಯಿತ್ತು. ಕತ್ತು ಚಾಚಿ ಅವಳನ್ನೇ ನೋಡಿತು.

ಬಾನಿ ಬಿರಿದಿತ್ತು. ಮರಿ ಬಿರಿದಿರಲಿಲ್ಲ.

ಅದರ ಬೆನ್ನು ಮಣ್ಣಿನ ಬಣ್ಣದ್ದಾಗಿ ಉಳಿದಿರಲಿಲ್ಲ. ಬಾನಿಯ ನೆರಳು ಬಿದ್ದಲ್ಲೆಲ್ಲ ಕಪ್ಪಾಗಿತ್ತು. ತೂತುಗಳ ಬೆಳಕು ಬಿದ್ದಲ್ಲೆಲ್ಲ ಹಳದಿಯ ಚುಕ್ಕೆ ಕೂತಿತ್ತು. ಮರಿ ಬಿಸಿಲಿಗೂ ನೆರಳಿಗೂ ನಡೆದಾಡಿದಾಗಲೆಲ್ಲ ಆ ಬೆಳಕು ಬೆನ್ನಿನ ಮೇಲೆ ಸರಿದು, ಪ್ರತಿ ಚುಕ್ಕೆಯಿಂದಲೂ ಸುತ್ತ ಗೆರೆಗಳನ್ನೆಳೆದಿತ್ತು.

ಮಾಳವ್ವ ಬೆರಳು ಚಾಚಿ, ಒತ್ತಲು ಹೋಗಿ, ತಡೆದುಕೊಂಡಳು. ಬೆರಳನ್ನು ಮಡಿಸಿ, ಗೆಣ್ಣಿನಿಂದ ಅತಿ ಮೆಲ್ಲಗೆ ಬಡಿದಳು.

ಟಣ್.

“ಬೆಂದೈತೆ” ಎಂದಳು. ನೆಲದ ಮೇಲೆ ಕುಳಿತುಬಿಟ್ಟಳು. “ಯಾವ ಬೆಂಕೀಲಿ ಸುಟ್ಯೇ ಕೆಂಚಿ?”

“ನಾನು ಸುಡಲಿಲ್ಲ ಅತ್ತೆ. ಅದೇ ನಡೆದು ನಡೆದು ಬೆಂತು. ದಿನಾ ಸ್ವಲ್ಪ.”

ಮಾಳವ್ವ ಚೂರುಗಳನ್ನು ಮಡಿಲಲ್ಲಿಟ್ಟುಕೊಂಡಳು. “ಹೊಸ್ತಿಲು ದಾಟಿಸು ಹಂಗಾದ್ರೆ. ಟಣ್ ಅಂದದ್ದನ್ನ ಮನೇಲಿಟ್ಕೊಂಡು ನಮಗೇನು ಕೆಲಸ?”

ಇಬ್ಬರೂ ಕಾಡಿನಂಚಿಗೆ ಹೋದರು. ಕೆಂಚವ್ವ ಮರಿಯನ್ನು ನೆಲದ ಮೇಲಿಟ್ಟಳು. ನೆಲ ಅದರ ನಾಲ್ಕು ಕಾಲುಗಳ ಭಾರವನ್ನು ತೂಗಿ ನೋಡಿ, “ಒಪ್ಪಿಸಿಕೊಂಡೆ” ಎಂದಿತು. ಮರಿ ಹಿಂತಿರುಗಿ ನೋಡಲಿಲ್ಲ. ಅರ್ಧ ಮೈ ಬಿಸಿಲಿನಲ್ಲಿ, ಅರ್ಧ ಮೈ ಪೊದೆಯ ನೆರಳಿನಲ್ಲಿ ಇಟ್ಟು, ಗರಿಕೆಗೆ ಬಾಯಿ ಹಾಕಿತು. ಆ ಸಂಜೆ ಕೆಂಚವ್ವನ ತಿಗರಿಯ ಮೇಲೆ ಮಣ್ಣು ನೆಟ್ಟಗೆ ನಿಂತಿತು.

ಇಂದಿಗೂ ಕುರುಚಲು ಕಾಡಿನಲ್ಲಿ ಬೆಳಗಿನ ಹೊತ್ತು ನಕ್ಷತ್ರ ಆಮೆಯನ್ನು ಕಂಡರೆ ಅದರ ಕಪ್ಪು ಬೆನ್ನನ್ನು ದೂರದಿಂದಲೇ ನೋಡಿ: ಒಂದೊಂದು ಉಬ್ಬಿನ ನೆತ್ತಿಯಲ್ಲೂ ಒಂದು ಹಳದಿ ಚುಕ್ಕೆ, ಚುಕ್ಕೆಯಿಂದ ಸುತ್ತ ಚೆಲ್ಲಿದ ಗೆರೆಗಳು, ಆ ಬಾನಿಯ ಒಂದೊಂದು ತೂತಿಗೂ ಒಂದೊಂದು ನಕ್ಷತ್ರ.

ಯಾರದೋ ಮನೆಯ ಗಾಜಿನ ಪೆಟ್ಟಿಗೆಯಲ್ಲಿ ಈ ಹೊತ್ತು ಒಂದು ಮರಿ ಕಣ್ಣು ಮುಚ್ಚಿಕೊಂಡಿದೆ. ಅದು ನಿದ್ದೆ ಮಾಡುತ್ತಿಲ್ಲ. ಆ ಮನೆಯ ಮಗುವಿಗೆ ಈ ಕಥೆಯನ್ನು ಹೇಳಿ. ಪೆಟ್ಟಿಗೆಯನ್ನು ಇಂದೇ ಬಿಸಿಲೂ ನೆರಳೂ ಇರುವ ಕಡೆಗೆ ಸರಿಸಿ, ಗಾಜಿನ ಮುಚ್ಚಳವನ್ನು ತೆಗೆದು, ನಾಳೆ ಮರಿಯನ್ನು ಅರಣ್ಯ ಇಲಾಖೆಗೆ ಒಪ್ಪಿಸುವಂತೆ ದೊಡ್ಡವರಿಗೆ ಹೇಳಿ. ಆ ಮಗು ಇನ್ನೊಂದು ಮನೆಯ ಮಗುವಿಗೆ ಇದನ್ನು ಹೇಳಲಿ. ನಿಮ್ಮಲ್ಲೇ ಉಳಿಸಿಕೊಳ್ಳಬೇಡಿ, ದಾಟಿಸಿ.