ಮೊದಲ ಎಂಟು ಅಕ್ಷರ

ಹೊಳೆದಂಡೆಯ ಆ ಆಶ್ರಮದಲ್ಲಿ ಜಪಕ್ಕೊಂದು ಮಣೆ, ಕಂಪ್ಯೂಟರಿಗೊಂದು ಮೇಜು. ಗುರು ಅನಸೂಯಮ್ಮನವರು ಒಂದು ಕಾಲಕ್ಕೆ ಕಂಪ್ಯೂಟರ್ ಭಾಷೆಗಳನ್ನೇ ಕಟ್ಟಿದವರು.

ಶಿಷ್ಯ ಚೆನ್ನಿಂಗಯ್ಯನಿಗೆ ಐವತ್ತು ದಾಟಿತ್ತು. ಮೋಕ್ಷ ಗೀಕ್ಷ ಅವನಿಗೆ ಬೇಡ. ಅಕ್ಕ ಬೇಕು.

ಐದು ವರ್ಷದವನಿದ್ದಾಗ ಊರಿಗೆ ನೆರೆ ಬಂತು. ಎತ್ತಿ ಆಡಿಸಿದ ಅಕ್ಕ ಹಾಲವ್ವ ಒಂದು ದೋಣಿಗೆ, ಇವನು ಇನ್ನೊಂದಕ್ಕೆ. ಅಷ್ಟೇ, ಆಮೇಲೆ ಕಂಡಿಲ್ಲ. ಅವಳ ಕೈಯ ಸೀಗೆಕಾಯಿ ವಾಸನೆ ಮಾತ್ರ ಮರೆತಿಲ್ಲ.

ಊರೂರಿನ ಪಟ್ಟಿಗಳಿಂದ ಕೋಟಿಗಟ್ಟಲೆ ಹೆಸರು ತಂದು, ಅಕ್ಕನ ಹೆಸರಿನ ಜೊತೆ ಹೋಲಿಸುವ ಪ್ರೋಗ್ರಾಂ ಬರೆದಿದ್ದ. ಅದೋ, ಒಂದೊಂದೇ ಅಕ್ಷರ ತಡವುತ್ತಾ ಕೂತಿತ್ತು. ಅಕ್ಕನಿಗೆ ಆಗಲೇ ಎಪ್ಪತ್ತು. ಇನ್ನೆಷ್ಟು ದಿನ ಕಾಯೋದು?

ಯಂತ್ರ ಒಂದೇ ತುತ್ತಿಗೆ ಎಂಟು ಅಕ್ಷರ ನುಂಗಬಲ್ಲದು ಅಂತ ತಿಳಿದದ್ದೇ ತಡ, ಮೊದಲ ಎಂಟು ಸರಿಹೋದರೆ ಸಾಕು ಎಂದು ತಿದ್ದಿಬಿಟ್ಟ ಪುಣ್ಯಾತ್ಮ. ಯಂತ್ರ ಗಾಳಿಯಂತೆ ಓಡಿತು. ಸಿಕ್ಕಳು ಎಂದು ಒಂದು ವಿಳಾಸವನ್ನೂ ಕೊಟ್ಟಿತು.

ಸೀರೆ, ಬಳೆ ಕಟ್ಟಿಕೊಂಡು ಬಸ್ಸು ಹತ್ತಿದ.

ಬಾಗಿಲು ತೆರೆದ ಮುದುಕಿ ಬೇರೆ ಯಾರೋ. ಅಕ್ಕ ಹಾಲವ್ವ ಕರಿಬಸವಯ್ಯ. ಈಕೆ ಹಾಲವ್ವ ಕರಿಬಸವರಾಜ. ಪಾಪ, ಕೂರಿಸಿ ರೊಟ್ಟಿ ಕೊಟ್ಟಳು.

ಮರಳಿ ಬಂದವನು ಸೀರೆಯ ಗಂಟನ್ನು ಗುರುಗಳ ಮುಂದಿಟ್ಟು ಅತ್ತುಬಿಟ್ಟ. ಅವಸರ ಪಟ್ಟದ್ದೇ ತಪ್ಪು, ಇನ್ನು ಮೊದಲಿನ ಹಾಗೆ ನಿಧಾನವಾಗಿಯೇ ಹುಡುಕುತ್ತೇನೆ ಎಂದ.

ಗುರುಗಳು ಬೈಯಲಿಲ್ಲ. ಗಂಟನ್ನು ಕಂಪ್ಯೂಟರಿನ ಪಕ್ಕ ಎತ್ತಿಟ್ಟು, ಅವನನ್ನು ಮೇಜಿಗೆ ಕೂರಿಸಿದರು.

"ಅವಸರ ತಪ್ಪಲ್ಲ. ಮೊದಲು ಹೆಸರಿನ ಉದ್ದ ನೋಡು. ಉದ್ದ ಬೇರೆಯಾದರೆ ಓದಲೇಬೇಡ, ಬಿಡು. ಉದ್ದ ಒಂದೇ ಆದರೆ ಎಂಟೆಂಟು ಅಕ್ಷರ ನೋಡುತ್ತಾ ಹೋಗು. ಎಲ್ಲಿ ತಪ್ಪಿತೋ ಅಲ್ಲೇ ಬಿಡು."

ಹೇಳಿದಂತೆ ಬರೆದ. ಒಂದು ಪಟ್ಟಿಗೆ ಮೂರು ದಿನ ಹಿಡಿಯುತ್ತಿದ್ದ ಕೆಲಸ ಈಗ ಅನ್ನ ಬೇಯುವಷ್ಟರಲ್ಲಿ ಮುಗಿಯುವಂತಾಯಿತು. ಹೊಸ ಪಟ್ಟಿಯೊಂದು ಬಂದಿತ್ತು. ಶುರು ಮಾಡಲು ಹೋದವನು ಗುರುಗಳ ಕಡೆ ತಿರುಗಿದ.

"ಅಮ್ಮ, ಕೋಟಿ ಜನರನ್ನ ಹೀಗೆ ಕಂಡ ಕೂಡಲೇ ಬಿಟ್ಟುಬಿಟ್ಟರೆ, ಈ ಯಂತ್ರ ತನ್ನ ಹೊತ್ತನ್ನ ಕೊಡೋದು ಯಾರಿಗೆ?"

"ನಿನ್ನ ಅಕ್ಕನಿಗೆ. ಅವಳೊಬ್ಬಳನ್ನೇ ಕೊನೇ ಅಕ್ಷರದ ತನಕ ಓದಬೇಕು."